ಬರ್ರಿ, ಆದ್ರ ಜಡ್ಡಾಗಬ್ಯಾಡ್ರಿ

ಮೊದಲೆಲ್ಲ ಮಗ ಫೋನ್ ಮಾಡಿದರೆ "ಅಪ್ಪಾ, ಆರಾಮ ಅದೀರೇನು?" ಅಂತ ಕೇಳುತ್ತಿದ್ದ. ಈಗ ಕೇಳುವ ಮಾತೇ ಬೇರೆ. "ಅಪ್ಪಾ, ನಿಮ್ಮ ಬಿಪಿ ಸ್ಟೇಬಲ್ ಐತೇನು?"

ಅವನ ತಪ್ಪಲ್ಲ. ಅವನಿರುವುದು ಕೆನಡಾದಲ್ಲಿ. ಅಲ್ಲಿಗೆ ಹೋಗುವ ತಂದೆ-ತಾಯಿ ಆರಾಮ ಇದ್ದರೆ ಸಾಲದು. ಸ್ಟೇಬಲ್ ಇರಬೇಕು.

ನಮ್ಮಂಥವರಿಗಾಗಿ ಅಲ್ಲಿನ ಸರ್ಕಾರ ಸೂಪರ್ ವೀಸಾ ಅಂತ ಒಂದು ಇಟ್ಟಿದೆ. ಮೊದಲ ಸಲ ಹೆಸರು ಕೇಳಿದಾಗ ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಮಾರುವ ಯಾವುದೋ ಹೊಸ ತಂಬಾಕಿನ ಪುಡಿ ಇರಬೇಕು ಅಂದುಕೊಂಡೆ. ಅಲ್ಲ. ಅಪ್ಪ-ಅಮ್ಮ, ಅಜ್ಜ-ಅಜ್ಜಿಯರಿಗೆ ಅಂತ 2011ರ ಡಿಸೆಂಬರಿನಲ್ಲಿ ತೆರೆದ ಬಾಗಿಲು. ಹತ್ತು ವರ್ಷದವರೆಗೆ ಹೋಗಿ ಬರಬಹುದು. 2022ರ ಜುಲೈಯಿಂದ ಒಂದು ಸಲ ಹೋದರೆ ಐದು ವರ್ಷ ಕೂತುಬಿಡಬಹುದು. ಮೊಮ್ಮಗಳನ್ನು ಎತ್ತಿಕೊಳ್ಳಬಹುದು. ಬಾಗಿಲ ಮುಂದಿನ ಹಿಮ ತೆಗೆಯಬಹುದು. ಮಗ-ಸೊಸೆ ಕೆಲಸದಿಂದ ಬರುವಷ್ಟರಲ್ಲಿ ರೊಟ್ಟಿ ಬಡಿದಿಡಬಹುದು. ಪಗಾರ ಕೇಳದ ಆಳು ಯಾರಿಗೆ ಬೇಡ?

ಆದರೆ ಜಡ್ಡಿಗೆ ಬೀಳಬಾರದು. ಬಿದ್ದರೆ ಅಲ್ಲಿನ ಸರ್ಕಾರಿ ದವಾಖಾನೆಯ ಪುಕ್ಕಟೆ ಉಪಚಾರ ನಿಮಗಲ್ಲ. ಅದಕ್ಕೇ ಹೊರಡುವ ಮುಂಚೆಯೇ ಕನಿಷ್ಠ 1 ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಮಾಡಿಸಬೇಕು. ನಮ್ಮ ಲೆಕ್ಕದಲ್ಲಿ ಅರವತ್ತು ಲಕ್ಷ ರೂಪಾಯಿಗೂ ಮೇಲೆ. ಕನಿಷ್ಠ ಒಂದು ವರ್ಷದ್ದು. ಅದರೊಳಗೆ ಮೂರು ಸಂಗತಿ ಇರಲೇಬೇಕು: ಚಿಕಿತ್ಸೆ, ಆಸ್ಪತ್ರೆ ವಾಸ, ಮತ್ತು ಸ್ವದೇಶಕ್ಕೆ ವಾಪಸಾತಿ.

ಈ ಮೂರನೆಯದನ್ನು ಎರಡು ಸಲ ಓದಿ. ನಾನು ಮೂರು ಸಲ ಓದಿದೆ. ನಿಮ್ಮ ಹೆಣ ಊರಿಗೆ ಕಳಿಸುವ ಖರ್ಚೂ ಅದರಲ್ಲೇ ಬಂತು. ಹೋಗುವ ಟಿಕೆಟ್ಟು ಇನ್ನೂ ತೆಗೆಸಿಲ್ಲ. ಬರುವ ಪೆಟ್ಟಿಗೆಗೆ ದುಡ್ಡು ಕಟ್ಟಿ ಆಯಿತು.

ಪ್ರೀಮಿಯಂ ಎಷ್ಟು ಅಂತ ಕೇಳಬೇಡಿ. ನಾನು ಮಾಸ್ತರಿಕೆಗೆ ಸೇರಿದ ಮೊದಲ ಐದು ವರ್ಷದ ಪಗಾರ ಪೂರ್ತಿ ಕೂಡಿಟ್ಟಿದ್ದರೂ ಸಾಲುತ್ತಿರಲಿಲ್ಲ. ಅಷ್ಟು ಕಟ್ಟಿದ ಮೇಲಾದರೂ ನೆಮ್ಮದಿ ಉಂಟೇ? ಅಲ್ಲಿ ಬರುತ್ತದೆ ಈ ಸ್ಟೇಬಲ್.

ಮೊದಲೇ ಇರುವ ಕಾಯಿಲೆಗೆ ವಿಮೆ ಬೇಕೆಂದರೆ ಆ ಕಾಯಿಲೆ ಸ್ಥಿರವಾಗಿರಬೇಕು. ಕೆಲವು ಪಾಲಿಸಿಗೆ 90 ದಿನ. ನನ್ನ ಪಾಲಿಸಿಗೆ 180 ದಿನ. ಆ ಅವಧಿಯೊಳಗೆ ಹೊಸ ಲಕ್ಷಣ ಕಾಣಬಾರದು, ಹೊಸ ಗುಳಿಗೆ ಬರೆಯಬಾರದು, ಹಳೆಯ ಗುಳಿಗೆಯ ಪ್ರಮಾಣ ಬದಲಾಗಬಾರದು. ಹೆಚ್ಚು ಮಾಡಿದರೂ ಅಸ್ಥಿರ. ಕಡಿಮೆ ಮಾಡಿದರೂ ಅಸ್ಥಿರ. ಅಂದರೆ ನೀವು ಸುಧಾರಿಸಿದರೂ ಅವರಿಗೆ ಅನುಮಾನ.

ಅರವತ್ತೆಂಟು ವರ್ಷದ ಮೈಯಲ್ಲಿ ಯಾವುದು ಸ್ಟೇಬಲ್ ಇರುತ್ತದೆ ಸ್ವಾಮಿ? ನಮ್ಮ ಚಿಕ್ಕೋಡಿ ಭಾಗದಲ್ಲಿ ಕಬ್ಬಿನ ದರ ಸ್ಟೇಬಲ್ ಇಲ್ಲ. ಕೃಷ್ಣಾ ನದಿ ಸ್ಟೇಬಲ್ ಇಲ್ಲ, ಮೇ ತಿಂಗಳಲ್ಲಿ ತಳ ಕಾಣುತ್ತದೆ, ಆಗಸ್ಟಿನಲ್ಲಿ ಅಡುಗೆ ಮನೆಗೆ ಬರುತ್ತದೆ. ಶಾಸಕರ ಪಕ್ಷವಂತೂ ಕೇಳಲೇಬೇಡಿ. ಇಷ್ಟರ ನಡುವೆ ನನ್ನ ಬಿಪಿ ಒಂದು ಮಾತ್ರ ಕಲ್ಲಿನ ಹಾಗೆ ಕೂತಿರಬೇಕು.

ವಿಮೆ ಮಾಡಿಸಿಕೊಡುವ ಹುಡುಗ ಮನೆಗೇ ಬಂದಿದ್ದ. ಒಳ್ಳೆಯ ಹುಡುಗ. ನನ್ನ ಕೈಯಲ್ಲೇ ಇಪ್ಪತ್ತರ ಮಗ್ಗಿ ಕಲಿತವನು. ಫಾರ್ಮು ಓದುತ್ತ ಹೋದ.

"ಸರ, ತಂಬಾಕು ತಿಂತೀರೇನ್ರಿ?"

ನಿಪ್ಪಾಣಿಯಿಂದ ಕೂಗಳತೆ ದೂರದಲ್ಲಿ ಕೂತು ಕೇಳುವ ಪ್ರಶ್ನೆಯೇ ಇದು? ಈ ಸೀಮೆಯ ಗಾಳಿಯಲ್ಲೇ ತಂಬಾಕಿದೆ. 1981ರಲ್ಲಿ ತಂಬಾಕಿಗೆ ದರ ಕೊಡಿ ಅಂತ ಹೆದ್ದಾರಿಯಲ್ಲಿ ಕೂತವರ ಮೇಲೆ ಪೊಲೀಸರು ಗುಂಡು ಹಾರಿಸಿದ ಊರು ಅದು. ಬೆಳೆಯಿರಿ ಅಂತ ಹೇಳಿದವರೂ ಸರ್ಕಾರದವರೇ, ತೆರಿಗೆ ಎಣಿಸಿಕೊಂಡವರೂ ಅವರೇ. ಈಗ ಮುಟ್ಟಿದ್ದೀರಾ ಅಂತ ಕೇಳುವವರೂ ಅವರ ತಮ್ಮಂದಿರೇ.

"ಇಲ್ಲಪ್ಪ" ಅಂದೆ.

"ಎದಿ ನೋವು?"

"ಈ ಫಾರ್ಮು ನೋಡಿದ ಮ್ಯಾಲ ಬಂದೈತಿ."

"ಹಂಗ ಬರೀಲಿಕ್ಕೆ ಬರೂದಿಲ್ರಿ ಸರ" ಅಂದ. ನಗಲಿಲ್ಲ. ನಗುವುದಕ್ಕೆ ಫಾರ್ಮಿನಲ್ಲಿ ಜಾಗ ಇರಲಿಲ್ಲವೇನೋ.

ಕೆನಡಾ ಒಂದನ್ನೇ ಬೈದರೆ ಅನ್ಯಾಯವಾಗುತ್ತದೆ. ಅಥಣಿಯ ನನ್ನ ಹಳೆಯ ಗೆಳೆಯರೊಬ್ಬರ ಮಗಳು ಬ್ರಿಟನ್ನಿನಲ್ಲಿದ್ದಾಳೆ. ಅಲ್ಲಿ 2012ರ ಜುಲೈಯಿಂದ ನಿಯಮ ತಿರುವುಮುರುವು. ಅಲ್ಲಿ ಹೋಗಿ ನೆಲೆಸಬೇಕೆಂದರೆ ನೀವು ಆರೋಗ್ಯವಾಗಿರಬಾರದು. ಮೈ ತೊಳೆಯಲು, ಬಟ್ಟೆ ತೊಡಲು, ಅಡುಗೆ ಮಾಡಿಕೊಳ್ಳಲು ಇನ್ನೊಬ್ಬರು ಬೇಕೇ ಬೇಕು ಅನ್ನುವ ಸ್ಥಿತಿ ಇರಬೇಕು. ಅಂಥ ಆರೈಕೆ ಸ್ವಂತ ದೇಶದಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ ಅಂತಲೂ ಸಾಬೀತು ಮಾಡಬೇಕು. ಸಾಬೀತಾದ ಮೇಲೆ, ಅಲ್ಲಿನ ಸರ್ಕಾರದ ಬೊಕ್ಕಸ ಮುಟ್ಟುವುದಿಲ್ಲ ಅಂತ ಮಗಳು ಬರೆದುಕೊಡಬೇಕು. ಕೆನಡಾಕ್ಕೆ ಗಟ್ಟಿ ಮುದುಕರು ಬೇಕು. ಬ್ರಿಟನ್ನಿಗೆ ಹಾಸಿಗೆ ಹಿಡಿದವರು ಬೇಕು. ನನ್ನ ಗೆಳೆಯರು ದಿನಾ ಬೆಳಗ್ಗೆ ನಾಲ್ಕು ಕಿಲೋಮೀಟರ್ ನಡೆಯುತ್ತಾರೆ. ಅವರ ಆರೋಗ್ಯವೇ ಅವರಿಗೆ ಅಡ್ಡಿ.

ಆಸ್ಟ್ರೇಲಿಯಾದವರು ಮರ್ಯಾದಸ್ಥರು. ಇಲ್ಲ ಅನ್ನುವುದಿಲ್ಲ. ಸರದಿಯಲ್ಲಿ ನಿಲ್ಲಿ ಅನ್ನುತ್ತಾರೆ. ತಂದೆ-ತಾಯಿಯರ ಕಾಯಂ ವೀಸಾಕ್ಕೆ, ಹೆಚ್ಚಿನ ದುಡ್ಡು ಕಟ್ಟದ ಸಾಲಿನಲ್ಲಿ, ಈಗ ಅರ್ಜಿ ಹಾಕಿದರೆ ಸುಮಾರು 30 ವರ್ಷ ಕಾಯಬೇಕು ಅಂತ ಅಲ್ಲಿನ ಇಲಾಖೆಯೇ ಹೇಳುತ್ತದೆ. ನನಗೆ ಆಗ ತೊಂಬತ್ತೆಂಟು. ಆಗ ವೈದ್ಯಕೀಯ ಪರೀಕ್ಷೆಗೆ ಕರೆಯುತ್ತಾರೆ.

ಥಾಯ್ಲೆಂಡಿನದು ನಿಜವಾದ ನಿವೃತ್ತರ ವೀಸಾ. ಐವತ್ತು ದಾಟಿರಬೇಕು, ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು. ಒಂದು ಬಗೆಯ ದೀರ್ಘಾವಧಿ ವೀಸಾಕ್ಕೆ 30 ಲಕ್ಷ ಬಾತ್‌ನ ವಿಮೆಯೂ ಬೇಕು. ಎಪ್ಪತ್ತು ದಾಟಿದವನಿಗೆ ಹೊಸ ಪಾಲಿಸಿ ಕೊಡಲು ವಿಮೆ ಕಂಪನಿಗಳು ಮೂಗು ಮುರಿಯುತ್ತವೆ. ಮುದುಕರಿಗಾಗಿಯೇ ಮಾಡಿದ ವೀಸಾ, ಮುದುಕರಾಗುವವರೆಗೆ ಮಾತ್ರ.

ಇನ್ನು ಇಟಲಿ. ಇದನ್ನು ಹೇಳದೆ ಬಿಡಲಾರೆ. ದುಡಿಯದೆ ಕೂತು ತಿನ್ನುವ ಅನುಕೂಲಸ್ಥರಿಗಾಗಿ ಅಲ್ಲೊಂದು ವಾಸದ ವೀಸಾ ಇದೆ. ವರ್ಷಕ್ಕೆ ಸುಮಾರು 31,000 ಯೂರೋ ಆದಾಯ ತೋರಿಸಬೇಕು, ಆರೋಗ್ಯ ವಿಮೆಯೂ ಬೇಕು. ಸುಮ್ಮನೆ ಹದಿನೈದು ದಿನ ನೋಡಿ ಬರುತ್ತೇನೆ ಅಂದರೂ 30,000 ಯೂರೋದ ವಿಮೆ ತೋರಿಸಬೇಕು. ಆದರೆ 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ವೇದಿಕೆ ಮೇಲೆ ಪ್ರಾಡಾ ಕಂಪನಿಯ ರೂಪದರ್ಶಿಗಳ ಕಾಲಲ್ಲಿ ಏನಿತ್ತು? ಥೇಟ್ ನಮ್ಮ ಚಪ್ಪಲಿ. ಕೊಲ್ಹಾಪುರಿ ಅಂತ ಹೆಸರು, ಆದರೆ ಅಥಣಿಯ ಓಣಿಗಳಲ್ಲೂ ಮದಭಾವಿಯಲ್ಲೂ ತಲೆತಲಾಂತರದಿಂದ ಹೊಲಿಯುವ ಚಪ್ಪಲಿ. 2019ರಲ್ಲಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗೆ ಸೇರಿಸಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಗಲಾಟೆ ಆಗುವವರೆಗೆ ಅವರು ನಮ್ಮ ಹೆಸರನ್ನೂ ಎತ್ತಲಿಲ್ಲ. ಚಪ್ಪಲಿ ಹೋಯಿತು. ವೀಸಾ ಕೇಳಲಿಲ್ಲ, ವಿಮೆ ಕೇಳಲಿಲ್ಲ, ಸಕ್ಕರೆ ಕಾಯಿಲೆ ಉಂಟೇ ಅಂತ ಕೇಳಲಿಲ್ಲ. ಅದನ್ನು ಹೊಲಿದವನು ಹೋಗುತ್ತೇನೆ ಅಂದರೆ ಅವನ ಕಾಲಿನ ವಿಮೆ ಬೇಕು.

ವೈದ್ಯಕೀಯ ಪರೀಕ್ಷೆಗೆ ಬರುತ್ತೇನೆ. ಕೆನಡಾದವರು ತಾವು ಗೊತ್ತುಮಾಡಿದ ಡಾಕ್ಟರನ್ನು ಬಿಟ್ಟು ಬೇರೆಯವರನ್ನು ನಂಬುವುದಿಲ್ಲ. ನಾವಿಬ್ಬರೂ ರಾಯಬಾಗ ಸ್ಟೇಷನ್ನಿನಲ್ಲಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು. ರಾತ್ರಿಯಿಡೀ ಕೂತು ಬೆಂಗಳೂರಿಗೆ ಹೋಗಿ, ಅಂಗಿ ಬಿಚ್ಚಿ, ಉಸಿರು ಎಳೆದು ಬಿಟ್ಟು, ಉಚ್ಚೆ ಕೊಟ್ಟು ಬಂದೆವು. ಗಾಡಿಯಲ್ಲಿ ನಮ್ಮಾಕೆ ಕೇಳಿದಳು.

"ಈ ಗಾಡಿ ಮಿರಜದಿಂದ ಬರತೈತಿ ಹೌದಲ್ರಿ? ಅಲ್ಲೇ ಡಾಕ್ಟರ್ ಇರಲಿಲ್ಲೇನು?"

ಇದ್ದರು. ಕೆನಡಾದವರೇ ಇದ್ದರು.

ಇದು ತಮಾಷೆಯಲ್ಲ. ಒಂಟಾರಿಯೊ ಪ್ರಾಂತ್ಯದಲ್ಲಿ ಹುಟ್ಟಿದ ವಿಲಿಯಂ ಜೇಮ್ಸ್ ವಾನ್‌ಲೆಸ್ ಅನ್ನುವ ವೈದ್ಯ 1889ರಲ್ಲಿ ಅಮೆರಿಕದ ಮಿಷನ್ನಿನ ಕಡೆಯಿಂದ ಈ ಸೀಮೆಗೆ ಬಂದ. 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದ. ಸುಮಾರು ನಲವತ್ತು ವರ್ಷ ಇಲ್ಲಿನವರ ಹೊಟ್ಟೆ ಕೊಯ್ದ, ಕಣ್ಣಿನ ಪೊರೆ ತೆಗೆದ. ಧರ್ಮಪ್ರಚಾರಕ್ಕೆ ಬಂದವನೇ, ಅದೂ ನಿಜ. ಆದರೆ ಕಾಗವಾಡ, ಶೇಡಬಾಳ, ಅಥಣಿ, ರಾಯಬಾಗದಿಂದ ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೋದ ರೋಗಿಯನ್ನು "ನಿನ್ನ ಕಾಯಿಲೆ ಎಷ್ಟು ದಿನದಿಂದ ಸ್ಟೇಬಲ್?" ಅಂತ ಕೇಳಿದ ದಾಖಲೆ ಇಲ್ಲ. ನಮ್ಮ ಅಜ್ಜನ ಕಣ್ಣು ಆದದ್ದೂ ಆ ಮಿಷನ್ ದವಾಖಾನೆಯಲ್ಲೇ. ಒಂದು ಚೀಲ ಜೋಳ ಕೊಟ್ಟು ಬಂದಿದ್ದನಂತೆ. ಅದೇ ಅವನ ಪ್ರೀಮಿಯಂ.

ಆ ಕೆನಡಾದವನು ಇಲ್ಲಿ ಇರುವುದಕ್ಕೆ ಎಷ್ಟು ಡಾಲರಿನ ವಿಮೆ ತೋರಿಸಿದ್ದನೋ ನಮ್ಮ ಅಜ್ಜನಿಗೆ ಕೇಳಬೇಕೆನಿಸಲಿಲ್ಲ. ಪೆದ್ದ ಅಜ್ಜ.

ಸರಿ, ಕೆನಡಾ ಪರದೇಶ. ಹನ್ನೆರಡು ಸಾವಿರ ಕಿಲೋಮೀಟರ್ ಆಚೆಯದು. ಅವರಿಗೆ ನಾವು ಯಾರು? ಆದರೆ ಕಾಗವಾಡದಿಂದ ಮಿರಜಿಗೆ ಎಷ್ಟು ದೂರ? ಒಂದು ಚಹಾ ಆರುವಷ್ಟರಲ್ಲಿ ತಲುಪಬಹುದು. 1956ರ ನವೆಂಬರ್ 1ರವರೆಗೆ ಅಥಣಿಯೂ ಮಿರಜೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆಮೇಲೆ ಗೆರೆ ಬಿತ್ತು. ಗೆರೆ ಬಿದ್ದದ್ದು ನೆಲದ ಮೇಲೆ, ನಮ್ಮ ಕಿಡ್ನಿ-ಹೃದಯಗಳಿಗೆ ಅದು ತಿಳಿಯಲಿಲ್ಲ. ಅವು ಇವತ್ತಿಗೂ ಕೆಟ್ಟರೆ ಮಿರಜಿನ ಕಡೆಗೇ ಮುಖ ಮಾಡುತ್ತವೆ.

ಹೋದ ವರ್ಷ ನಮ್ಮ ಸಂಬಂಧಿಕರೊಬ್ಬರನ್ನು ಗಡಿಯಾಚೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಕಾರ್ಡು ನೋಡಿ, "ತುಮ್ಹಿ ಕರ್ನಾಟಕಾಚೆ ಕಾ?" ಅಂದಳು. ಕರ್ನಾಟಕದವರೇನು ಅಂತ. ಹೌದು ಅಂದೆ. ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟಳು. ಹಳಸಿದ ಪಲ್ಯ ವಾಸನೆ ನೋಡಿ ಸರಿಸುತ್ತಾರಲ್ಲ, ಹಾಗೆ. ಮೊದಲು ನಿಮ್ಮ ಕಡೆಯ ಸರ್ಕಾರಿ ದವಾಖಾನೆಯ ಚೀಟಿ ತನ್ನಿ ಅಂದಳು. ಅದೂ ಸರಿಯೇ. ನಮ್ಮ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಇದೆ. ಎಪಿಎಲ್‌ನವರಿಗೆ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಎದೆ ಹಿಡಿದುಕೊಂಡವನು ತನ್ನದು ತುರ್ತೋ ಅಲ್ಲವೋ ಅಂತ ಮೊದಲು ತಾನೇ ತೀರ್ಮಾನಿಸಬೇಕು. ತುರ್ತಲ್ಲ ಅನ್ನಿಸಿದರೆ ಬಸ್ ಹಿಡಿದು ಹಿಂದಕ್ಕೆ.

ಚೀಟಿ ಬರೆಯುವವರು ಅಂದು ಮೀಟಿಂಗಿಗೆ ಹೋಗಿದ್ದರು. ಅದನ್ನೇನು ಹೇಳುವುದು.

ಈಗ ಇದರ ಎದುರಿಗೆ ಇನ್ನೊಂದನ್ನು ಇಡಿ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಮಹಾತ್ಮಾ ಜ್ಯೋತಿಬಾ ಫುಲೆ ಜನಾರೋಗ್ಯ ಯೋಜನೆಯನ್ನು ಕರ್ನಾಟಕದ ಒಳಗಿನ 865 ಹಳ್ಳಿಗಳಿಗೆ ವಿಸ್ತರಿಸಿತು. ಯಾವ ಹಳ್ಳಿಗಳು? ಅದು ತನ್ನವು ಅಂತ ಹೇಳಿಕೊಳ್ಳುವ, 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿ ಕೂತಿರುವ ಹಳ್ಳಿಗಳು. ನೋಡಿ, ಎಂಥ ಅಂತಃಕರಣ! ನೆಲ ಕೇಳುವವನು ಮೊದಲು ನಾಡಿ ಹಿಡಿಯುತ್ತಾನೆ. ನಮ್ಮ ಕಡೆಯವರು ಸುಮ್ಮನಿರುತ್ತಾರೆಯೇ? ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಗುಡುಗಿದರು. ಇದು ಒಕ್ಕೂಟ ವ್ಯವಸ್ಥೆಗೆ ಅಪಚಾರ ಅಂದರು. ಅದೂ ಸರಿಯೇ. ಗಡಿಯಲ್ಲಿ ಎಲ್ಲರೂ ಸರಿ. ರೋಗಿ ಒಬ್ಬನೇ ತಪ್ಪು.

ವಿಚಾರ ಮಾಡಿ. ಸರ್ಕಾರಗಳು ಎರಡು. ಎರಡಕ್ಕೂ ನಮ್ಮ ಮೇಲೆ ಉಕ್ಕುವ ಪ್ರೀತಿ. ಒಂದು ಇಂಚು ಬಿಡುವುದಿಲ್ಲ ಅಂತ ಇವರು, ಒಂದು ಇಂಚು ಬಿಡುವುದಿಲ್ಲ ಅಂತ ಅವರು. 1967ರಲ್ಲಿ ಮಹಾಜನ ಆಯೋಗ ನಿಪ್ಪಾಣಿಯನ್ನು ಅತ್ತ ಕೊಡಿ ಅಂದಾಗಲೂ ಮಹಾರಾಷ್ಟ್ರಕ್ಕೆ ತೃಪ್ತಿಯಾಗಲಿಲ್ಲ. ಅರ್ಧ ಶತಮಾನ ದಾಟಿದರೂ ಇಂಚಿನ ಲೆಕ್ಕ ನಡೆದಿದೆ. ನಾನು ಕೇಳುವುದು ಇಷ್ಟೇ: ಆ ಇಂಚಿನ ಮೇಲೆ ಒಬ್ಬ ಮುದುಕ ಎದೆ ಹಿಡಿದುಕೊಂಡು ಬಿದ್ದರೆ ಅವನು ಯಾರವನು? ನೆಲ ಇಬ್ಬರಿಗೂ ಬೇಕು. ಬಿಲ್ಲು ಯಾರಿಗೂ ಬೇಡ.

ವೀಸಾ ಅಂದರೆ ಏನು ಅಂತ ನಮಗೆ ಕೆನಡಾದವರು ಕಲಿಸಬೇಕಾಗಿಯೂ ಇಲ್ಲ. 2021ರ ಫೆಬ್ರವರಿಯಲ್ಲಿ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ನಿಂತವರನ್ನು ಕೇಳಿ. 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಇದ್ದರೆ ಮಾತ್ರ ಕರ್ನಾಟಕ ಪ್ರವೇಶ. ಗಡಿಯಾಚೆಯ ಕಾಗಲದಲ್ಲಿ ಮಗಳ ಮನೆಗೆ ಹೋಗಿದ್ದವರು ಸ್ವಂತ ಹೊಲದ ಜೋಳ ಕೊಯ್ಯಲು ವಾಪಸು ಬರಲಿಕ್ಕೆ ಮೂಗಿಗೆ ಕಡ್ಡಿ ಹಾಕಿಸಿಕೊಂಡರು. ಅದೇ ಹೊತ್ತಿಗೆ ಬೆಳಗಾವಿಯಲ್ಲಿ ಪಕ್ಷಗಳ ಸಭೆ, ಮೆರವಣಿಗೆ ಜೋರು. ಲೋಕಸಭೆ ಉಪಚುನಾವಣೆ ಎದುರಿಗಿತ್ತಲ್ಲ. ಭಾಷಣ ಕೇಳಲು ಬಂದ ಲಾರಿಗಟ್ಟಲೆ ಮೂಗುಗಳಿಗೆ ಕಡ್ಡಿ ಸಿಗಲಿಲ್ಲ.

ಬರೀ ಸರ್ಕಾರವನ್ನೇ ಬೈಯುತ್ತ ಕೂತರೆ ನಾನೂ ಭಾಷಣಕಾರನಾದೆ. ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ.

ಕಬ್ಬಿನ ಹಂಗಾಮು ಶುರುವಾದರೆ ಬೀಡ ಜಿಲ್ಲೆಯಿಂದ, ವಿಜಯಪುರದ ಕಡೆಯಿಂದ ಕಡಿಯುವ ಗ್ಯಾಂಗುಗಳು ಬರುತ್ತವೆ. ಅವರೂ ಪರಸ್ಥಳದವರೇ. ಫ್ಯಾಕ್ಟರಿ ಪಕ್ಕದ ಬಯಲಲ್ಲಿ ಕಬ್ಬಿನ ರವದಿಯ ಗುಡಿಸಲು. ನಸುಕಿನ ಮೂರು ಗಂಟೆಗೆ ಎದ್ದು ಗಡಗಡ ನಡುಗುತ್ತ ಹೊಲಕ್ಕೆ. ಒಂದು ದಿನ ಜಡ್ಡಾಗಿ ಮಲಗಿದರೆ ಗ್ಯಾಂಗು ಕರೆತಂದ ಮುಕಾದಮ ದಂಡ ಹಾಕುತ್ತಾನೆ. ಮುಟ್ಟಿನ ದಿನಗಳಲ್ಲೂ ಕೂಲಿ ತಪ್ಪಬಾರದು ಅಂತ ಬೀಡದ ಹೆಣ್ಣುಮಕ್ಕಳು ಗರ್ಭಕೋಶವನ್ನೇ ತೆಗೆಸಿಕೊಂಡ ಸಂಗತಿ 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಅವರನ್ನು ನಾವು ಕರೆಸಿಕೊಳ್ಳುವಾಗ ಏನು ಹೇಳುತ್ತೇವೆ? ಬರ್ರಿ, ಆದ್ರ ಜಡ್ಡಾಗಬ್ಯಾಡ್ರಿ. ಕೆನಡಾ ಸರ್ಕಾರ ನನ್ನ ವಿಮೆ ಕೇಳಿತು ಅಂತ ಉರಿದುಕೊಳ್ಳುವ ನಾವು ಆ ಗುಡಿಸಲಿನ ಒಂದು ಕೂಸಿಗಾದರೂ ವಿಮೆ ಮಾಡಿಸಿದ್ದೇವೆಯೇ? ಕೆನಡಾದವರು ಕನಿಷ್ಠ ಫಾರ್ಮು ಕೊಡುತ್ತಾರೆ.

ಅಂದ ಹಾಗೆ, ಭಾರತದಲ್ಲೂ ಸುಧಾರಣೆ ಆಗಿದೆಯಂತೆ. 65 ದಾಟಿದವರಿಗೂ ಹೊಸ ಆರೋಗ್ಯ ಪಾಲಿಸಿ ಕೊಡಬೇಕು ಅಂತ 2024ರಲ್ಲಿ ವಿಮಾ ಪ್ರಾಧಿಕಾರ ಹೇಳಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಅದಕ್ಕೂ ಮುಂಚೆ ಶೇಕಡಾ 18 ಇತ್ತು. ಜಡ್ಡಾದೀತು ಅಂತ ಹೆದರಿದ್ದಕ್ಕೆ ತೆರಿಗೆ. ಹೊಸ ನಿಯಮದ ಪ್ರಕಾರ ಮೊದಲೇ ಇರುವ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾದರೆ ಸಾಕು. ಅರವತ್ತೆಂಟರವನಿಗೆ ಮೂರು ವರ್ಷ ಕಾಯಿ ಅನ್ನುವುದು ಸುಧಾರಣೆ. ಕಾಯುವುದನ್ನು ನಮಗೆ ಹೇಳಿಕೊಡಬೇಕೇ? 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಚಿಕ್ಕೋಡಿಯನ್ನು ಜಿಲ್ಲೆ ಅಂತ ಘೋಷಿಸಿ ಹಿಂದಕ್ಕೆ ತೆಗೆದುಕೊಂಡಾಗಿನಿಂದ ನಾವು ಕಾಯುವ ಜಾತಿಯವರೇ.

ಈಗ ಎಲ್ಲಿಗೆ ಬಂತು ನನ್ನ ಕಥೆ ಅಂದರೆ, ಹೋದ ತಿಂಗಳು ಚಿಕ್ಕೋಡಿಯಲ್ಲಿ ನಮ್ಮ ಕಾಯಂ ಡಾಕ್ಟರ ಹತ್ತಿರ ಹೋಗಿದ್ದೆ. ಪಟ್ಟಿ ಕಟ್ಟಿ, ಗಾಳಿ ಹೊಡೆದು, ಮುಖ ಗಂಟು ಹಾಕಿದರು.

"ಮಾಸ್ತರ, ಮ್ಯಾಲಿಂದು ನೂರಾ ಅರವತ್ತೆಂಟು ಐತಿ. ಗುಳಿಗಿ ಜಾಸ್ತಿ ಮಾಡೂಣು."

"ಬ್ಯಾಡ್ರಿ ಡಾಕ್ಟರ."

"ಯಾಕ?"

"ನೂರಾ ಎಂಬತ್ತು ದಿನ ತುಂಬಲಿ."

ಅವರಿಗೆ ತಿಳಿಯಲಿಲ್ಲ. ವಿವರಿಸಿದೆ. ಗುಳಿಗೆ ಬದಲಾದರೆ ನಾನು ಅಸ್ಥಿರ. ಅಸ್ಥಿರನಾದರೆ ಎದೆಗೆ ಸಂಬಂಧಿಸಿದ ಯಾವುದಕ್ಕೂ ವಿಮೆಯಿಲ್ಲ. ಎಣಿಕೆ ಮತ್ತೆ ಒಂದರಿಂದ ಶುರು. ಅಷ್ಟರಲ್ಲಿ ಮೊಮ್ಮಗಳ ಬಾಲವಾಡಿ ಮುಗಿದಿರುತ್ತದೆ. ಆರೋಗ್ಯ ವಿಮೆ ಬೇಕಾದರೆ ಆರೋಗ್ಯ ನೋಡಿಕೊಳ್ಳಬಾರದು, ಇಷ್ಟು ಸರಳ.

ಡಾಕ್ಟರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. "ಉಪ್ಪರ ಕಡಿಮಿ ತಿನ್ರಿ" ಅಂದರು. ಉಪ್ಪಿನ ಬಗ್ಗೆ ಪಾಲಿಸಿಯಲ್ಲಿ ಏನೂ ಇಲ್ಲ. ಮನೆಗೆ ಬಂದು ನೋಡಿ ಖಾತ್ರಿ ಮಾಡಿಕೊಂಡೆ.

ಅಡುಗೆ ಮನೆಯಲ್ಲಿ ಗೋಡೆಗೆ ಕ್ಯಾಲೆಂಡರ್ ತೂಗಿದೆ. ಹಾಲಿನ ಲೆಕ್ಕದ ಪಕ್ಕದಲ್ಲೇ ನಮ್ಮಾಕೆ ದಿನಾ ಒಂದು ಗೀಟು ಎಳೆಯುತ್ತಾಳೆ. ಇವತ್ತಿಗೆ ನೂರಾ ಹದಿಮೂರು. ಬೆಳಗ್ಗೆ ಎದ್ದಾಗ ಕಣ್ಣು ಕತ್ತಲೆ ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅವಳು ನೋಡಿದಳು.

"ಏನಾತ್ರಿ?"

"ಏನಿಲ್ಲ" ಅಂದೆ. "ಗೀಟು ಎಳದಿ ಏನು?"